ಗಾಡಿಯ ನೀರು

ಜೀಡಿಮೆಟ್ಲಾ, ಹೈದರಾಬಾದ್
೧೪ ಏಪ್ರಿಲ್ ೨೦೨೪, ರವಿವಾರ

ಪ್ರೀತಿಯ ವಿಜ್ಜಿಯ ಅಪ್ಪನವರಿಗೆ,

ಮಂದಾಕಿನಿಯ ನಮಸ್ಕಾರಗಳು. ಮಸ್ಕತ್ತಿನ ಬಿಸಿಲಿನಲ್ಲಿ ನಿಮ್ಮ ಆರೋಗ್ಯ ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀರೋ, ಲಾರಿಯಲ್ಲೇ ಬಿಸ್ಕೀಟು ತಿಂದು ದಿನ ದೂಡುತ್ತೀರೋ? ರಜೆ ಮುಗಿಸಿದ ಕಾಶಿನಾಥ ನಾಳೆ ಶಂಶಾಬಾದಿನಿಂದ ಮಸ್ಕತ್ತಿನ ವಿಮಾನ ಹತ್ತುತ್ತಾನೆ. ಅವನ ಕೈಯಲ್ಲಿ ಶೇಂಗಾ ಚಟ್ನಿ, ಸಜ್ಜೆ ರೊಟ್ಟಿ, ಜೊತೆಗೆ ಈ ಕಾಗದ. ಫೋನು ಇರುವಾಗ ಇವಳಿಗೆ ಇದೇನು ಹುಚ್ಚು ಎಂದು ನಗಬೇಡಿ. ಇರುವುದು ಒಂದೇ ಕೋಣೆ. ನಾನು ಫೋನು ಹಿಡಿದರೆ ಸಾಕು, ಮಾವನವರು ಕಿವಿಗೊಟ್ಟು ಕೂರುತ್ತಾರೆ. ಹೇಳಬೇಕಾಗಿರುವುದು ಅವರ ಸುದ್ದಿಯನ್ನೇ.

ಹೊರಡುವ ದಿನ ನೀವು ಆಡಿದ ಮಾತು ನೆನಪಿದೆಯೇ? ನಾನು ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದೆ. ನೀವು ಇನ್ನು ಮುಂದೆ ಮಾವನವರು ಓಡಿಸಬೇಕಿದ್ದ ನಿಮ್ಮ ಸರಕು ಗಾಡಿಯ ಮೈ ಸವರುತ್ತ ನಿಂತಿದ್ದಿರಿ. "ಅಪ್ಪಾ, ರೇಡಿಯೇಟರಿಗೆ ಬೋರಿನ ನೀರು ಒಂದು ಹನೀನೂ ಹಾಕಬ್ಯಾಡ್ರಿ, ಒಳಗ ಸುಣ್ಣ ಕಟ್ಟತೈತಿ. ಕ್ಯಾನಿನ ನೀರ ಹಾಕ್ರಿ," ಎಂದಿರಿ. ತಪ್ಪು ಮಾತೇನಲ್ಲ. ನಮ್ಮ ಬೋರಿನ ನೀರು ಕಾಯಿಸಿದ ಪಾತ್ರೆಯ ತಳ ಎಷ್ಟು ತಿಕ್ಕಿದರೂ ಬೆಳ್ಳಗೇ ಇರುತ್ತದೆ. ಆದರೆ ಮಗನ ಮಾತೆಂದರೆ ಮಾವನವರಿಗೆ ಏನೆಂದು ನಿಮಗೆ ಗೊತ್ತಿರಬೇಕಿತ್ತು.

ಶಿವರಾತ್ರಿ ಕಳೆದ ಮೇಲೆ ರೇಡಿಯೇಟರ್ ಸೋರತೊಡಗಿತು. ಗ್ಯಾರೇಜಿನ ಯಶವಂತ ನೋಡಿ, "ಮೊದಲ ಸೋರೂದು ನಿಲ್ಲಸ್ರಿ ಕಾಕಾ. ಆಮ್ಯಾಲೆ ಡಿಸ್ಟಿಲ್ಡ್ ವಾಟರಿಗೆ ಕೂಲೆಂಟ್ ಕೂಡಿಸಿ ತುಂಬಿಬಿಟ್ರ ದಿನಾ ನೀರು ಹಾಕೂದ ಬ್ಯಾಡ," ಎಂದ. ಮಾವನವರು ಒಪ್ಪಲಿಲ್ಲ. "ನನ್ನ ಮಗನ ಗಾಡಿ. ಅವಾ ಬಂದು ಬಿಚ್ಚಸಲಿ," ಎಂದುಬಿಟ್ಟರು. ಅಂದಿನಿಂದ ದಿನಾ ಎರಡು ದೊಡ್ಡ ಬಾಟಲಿ ತುಂಬಿಕೊಂಡು ಹೋಗಿ ದಾರಿಯಲ್ಲಿ ಗಾಡಿ ನಿಲ್ಲಿಸಿ, ಆರಿದ ಮೇಲೆ ಮುಚ್ಚಳ ತೆಗೆದು ಹುಯ್ಯುತ್ತಾರೆ. ಈ ಬೇಸಿಗೆಯಲ್ಲಿ ಶುದ್ಧ ನೀರಿನ ಕ್ಯಾನು ತರುವವನು ದಿನ ಬಿಟ್ಟು ದಿನ ಮನೆಗೆ ಒಂದೇ ಕ್ಯಾನು ಕೊಡುತ್ತಾನೆ. ಅದರಲ್ಲಿ ಗಾಡಿಯ ಪಾಲು ಮೊದಲು, ಆಮೇಲೆ ವಿಜ್ಜಿಯದು, ನನ್ನದು. ಮಾವನವರು ಏನು ಕುಡಿಯುತ್ತಾರೆ ಎಂದು ನಾನು ಕೇಳಲೇ ಇಲ್ಲ. ಹೊರಗೆ ಎಲ್ಲೋ ಕುಡಿಯುತ್ತಾರೆ ಅಂದುಕೊಂಡಿದ್ದೆ. ಅವರು ನಲ್ಲಿಯ ಬೋರಿನ ನೀರು ಕುಡಿಯುತ್ತಿದ್ದರು. ಅದೂ ಸವುಳು ಎಂದು ಬೆಳಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ, ಅಷ್ಟೇ.

ಹೋದ ಸೋಮವಾರ ನಾಂಪಲ್ಲಿ ಸ್ಟೇಷನ್ನಿನ ಎದುರು ಅವರಿಗೆ ಸೊಂಟದಿಂದ ಕೆಳಗೆ ನೋವು ಎದ್ದು, ಸ್ಟೇರಿಂಗ್ ಮೇಲೆ ತಲೆ ಇಟ್ಟು ನರಳುತ್ತಿದ್ದರಂತೆ. ಒಬ್ಬ ಆಟೋದವನು ಆಸ್ಪತ್ರೆಗೆ ಸೇರಿಸಿ, ಅವರ ಫೋನಿನಿಂದ ನನಗೆ ಸುದ್ದಿ ಮುಟ್ಟಿಸಿದ. ನಾನು ಓಡಿಹೋದಾಗ ಆ ಪುಣ್ಯಾತ್ಮ ಇನ್ನೂ ಅಲ್ಲೇ ಕಾದಿದ್ದ. "ಬಾಜೂಚ್ ಪಾನೀ ಥಾ ಅಮ್ಮಾ, ನಕ್ಕೋ ಬೋಲೇ," ಎಂದ. ಬಾಯಿ ಒಣಗಿ ಮಾತು ಹೊರಡದಿದ್ದರೂ, ಪಕ್ಕದ ಸೀಟಿನಲ್ಲಿದ್ದ ತುಂಬಿದ ಬಾಟಲಿಗಳನ್ನು ಮುಟ್ಟಲು ಬಿಡಲಿಲ್ಲವಂತೆ. ನಾನು ಕೇಳಿದ್ದಕ್ಕೆ ಮಂಚದ ಮೇಲೆ ಮಲಗಿಕೊಂಡೇ, "ಅದು ಗಾಡೀ ನೀರವ್ವಾ," ಎಂದರು.

ಕಿಡ್ನಿಯಲ್ಲಿ ಹರಳಿದೆ. ಡಾಕ್ಟರು ಒಳ್ಳೆಯ ನೀರು ಮೇಲಿಂದ ಮೇಲೆ ಕುಡಿಸಿ, ಇಲ್ಲದಿದ್ದರೆ ಆಪರೇಷನ್ ತಪ್ಪುವುದಿಲ್ಲ ಎಂದಿದ್ದಾರೆ. ಮನೆಗೆ ಬಂದ ಮೇಲೆ ನಾನೇ ಲೋಟ ತುಂಬಿ ಕೈಗೆ ಕೊಡುತ್ತಿದ್ದೇನೆ. ನಿನ್ನೆ ಮತ್ತೆ ಗಾಡಿ ತೆಗೆಯುವ ತಯಾರಿ ನಡೆಸಿದ್ದರು. ನಾನು ಒಳಗಿನಿಂದ ಬರುವಷ್ಟರಲ್ಲಿ ಲೋಟದ ನೀರನ್ನು ಬಾಟಲಿಗೆ ಸುರಿಯುತ್ತಿದ್ದರು. ನನ್ನನ್ನು ನೋಡಿ, ಬೆಲ್ಲ ಕದ್ದ ಮಗುವಿನ ಹಾಗೆ ನಕ್ಕರು. ನನಗೆ ನಗು ಬರಲಿಲ್ಲ. ಸಿಟ್ಟು ಬಂತು, ಅದು ಅವರ ಮೇಲಲ್ಲ, ನಿಮ್ಮ ಮೇಲೆ. ಪ್ರತಿ ಶುಕ್ರವಾರ ಫೋನು ಮಾಡಿದಾಗ ನಿಮ್ಮ ಬಾಯಿಂದ ಬರುವ ಮೊದಲ ಮಾತು "ಗಾಡಿ ಹ್ಯಾಂಗೈತಿ?" ಎಂಬುದೇ. ಅದಕ್ಕೆ ಚಲೋ ಐತಿ ಎಂದು ಉತ್ತರ ಕೊಡಬೇಕೆಂದೇ ಆ ಜೀವ ನೀರು ಕುಡಿಯುತ್ತಿಲ್ಲ.

ಹೆಚ್ಚು ಬರೆದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ರೇಡಿಯೇಟರ್ ಬಿಚ್ಚಿ ಸರಿಮಾಡಲು ಗಾಡಿಯನ್ನು ಯಶವಂತನಿಗೆ ಕೊಡಿರಿ ಎಂದು ಮಾವನವರಿಗೆ ಒಂದು ಮಾತು ಹೇಳಿ. ವಿಜ್ಜಿ ನಿಮಗೆ ಮುತ್ತು ಕಳಿಸಿದ್ದಾಳೆ. ಮಾವನವರ ಆಶೀರ್ವಾದ ನಿಮಗೆ ಯಾವಾಗಲೂ ಇದ್ದೇ ಇದೆ. ಕಾಗದದ ವಿಷಯ ಅವರಿಗೆ ತಿಳಿಯದು.

ನಿಮ್ಮ ದಾರಿ ಕಾಯುವ
ಮಂದಾಕಿನಿ

ತಾ.ಕ.: ಕಾಶಿನಾಥ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಇಂದು ಬೆಳಗ್ಗೆ ಮಾವನವರಿಗೆ ತಿಳಿಯದ ಹಾಗೆ ಗಾಡಿಯ ಬಾಟಲಿಗಳಿಗೆ ನಾನೇ ಬೋರಿನ ನೀರು ತುಂಬಿಸಿಟ್ಟೆ. ಬಾಟಲಿ ತುಂಬಿದ್ದು ನೋಡಿದ ಮೇಲೆ ಮಾವನವರು ಕ್ಯಾನಿನ ನೀರು ಮೂರು ಲೋಟ ಕುಡಿದರು, ಗಟಗಟ ಕುಡಿದರು. ನಿಮ್ಮ ರೇಡಿಯೇಟರಿನಲ್ಲಿ ಸುಣ್ಣ ಕಟ್ಟಿದರೆ ನನ್ನನ್ನು ಬಯ್ಯಿರಿ, ಅವರನ್ನಲ್ಲ. ಈ ಶುಕ್ರವಾರ ಫೋನಿನಲ್ಲಿ ಗಾಡಿಯ ಮಾತು ತೆಗೆಯುವ ಮೊದಲು, "ಅಪ್ಪಾ, ನೀರು ಕುಡದ್ರೇನು?" ಎಂದು ಕೇಳಿ.