ಸೋಮವಾರದಿಂದ ಯಾವ ಧಾರಾವಾಹಿ

ಕುರ್ಲಾ, ಮುಂಬೈ
ಭಾನುವಾರ, 17 ನವೆಂಬರ್ 2024

ನನ್ನ ಪ್ರೀತಿಯ ತಂಗಿ ಅನುರಾಧಾಳಿಗೆ ಅಕ್ಕ ಶಿವಕುಮಾರಿಯ ಆಶೀರ್ವಾದಗಳು.

ಮೊದಲು ನನ್ನ ಅಕ್ಷರ ನೋಡಿ ನಗಬೇಡ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ನಾನು ಪೆನ್ನು ಹಿಡಿದದ್ದೆಲ್ಲ ರೇಷನ್ ಅಂಗಡಿಯಲ್ಲಿ ಸಹಿ ಹಾಕಲಿಕ್ಕೆ. ಒತ್ತಕ್ಷರ ಬೇಕಾದ ಕಡೆ ಬಂದಿರುವುದಿಲ್ಲ, ಬೇಡದ ಕಡೆ ಬಂದು ಕೂತಿರುತ್ತದೆ. ನೀನು ಪಿಯುಸಿ ಓದಿದವಳು, ತಿದ್ದಿಕೊಂಡು ಓದು. ಉತ್ತರ ತಡವಾದದ್ದಕ್ಕೂ ಬೇಜಾರು ಮಾಡಿಕೊಳ್ಳಬೇಡ. ನೀನು ಫೋನ್ ಮಾಡಿದಾಗಲೆಲ್ಲ ಅತ್ತೆಯೇ ಎತ್ತುತ್ತಾರೆ. ಅವರ ಮಾತು ಮುಗಿದು ಫೋನ್ ನನ್ನ ಕೈಗೆ ಬರುವಾಗ ನಿನಗೆ ಪುರುಸೊತ್ತು ಇರುವುದಿಲ್ಲ. ಬಂದರೂ ನಾನು ಹೂಂ, ಹಾಂ ಅನ್ನುವುದು ಬಿಟ್ಟು ಏನು ಹೇಳುತ್ತೇನೆ? ಚಾಳಿನ ಒಂದೇ ಖೋಲಿ, ಅಡಿಗೆ ನಿದ್ದೆ ಎಲ್ಲ ಅದರಲ್ಲೇ, ಇಲ್ಲಿ ಮೆಲ್ಲಗೆ ಅತ್ತರೂ ಪಕ್ಕದವರು ಬಂದು ಏನಾಯಿತು ಅಂತ ಕೇಳುತ್ತಾರೆ. ನಮ್ಮೂರಿನ ಮುರಿಗೆಪ್ಪ ಕಾಕಾ ನಾಳೆ ಊರಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಈ ಕಾಗದ ಕಳಿಸುತ್ತೇನೆ, ಅವರು ನಿನ್ನ ಕೈಗೇ ಕೊಡುತ್ತಾರೆ.

ಹೋದ ವಾರ ನೀನು ಅತ್ತೆಯ ಹತ್ತಿರ ಕೇಳಿದ್ದೆಯಂತೆ, ‘ನಮ್ಮ ಧಾರಾವಾಹಿ ಮುಗೀತಲ್ಲ, ಇನ್ನು ಅಲ್ಲಿ ಯಾವುದು ನೋಡ್ತೀರಿ? ಅಕ್ಕ ಹೇಳಲಿ, ನಾನೂ ಅದನ್ನೇ ಹಿಡೀತೀನಿ’ ಅಂತ. ಅದಕ್ಕೆ ಉತ್ತರ ಬರೆಯಲಿಕ್ಕೇ ಕೂತಿದ್ದೇನೆ. ಅತ್ತೆ ಬಸವಣ್ಣನ ಗುಡಿಯ ಭಜನೆಗೆ ಹೋಗಿದ್ದಾರೆ. ನಮ್ಮ ಮನೆಯವರಿಗೆ, ಅದೇ ನಿನ್ನ ಮಾವನಿಗೆ, ಸಾಂತಾಕ್ರೂಜ್‌ನ ಒಂದು ಬಿಲ್ಡಿಂಗಿನಲ್ಲಿ ಸೆಂಟ್ರಿಂಗ್ ಕೆಲಸ, ಭಾನುವಾರವೂ ರಜೆ ಇಲ್ಲ. ಎಲ್ಲರೂ ಚೆನ್ನಾಗಿದ್ದಾರೆ. ಅತ್ತೆಯ ಮೊಣಕಾಲು ಮಾತ್ರ ಹಾಗೇ ಇದೆ, ದಿನಾ ಎಣ್ಣೆ ತಿಕ್ಕುತ್ತೇನೆ. ನಾನು ಮಾಡುವ ಎರಡು ಮನೆಯ ಪಾತ್ರೆ ಕೆಲಸವೂ ನಡೆದಿದೆ.

ನೀನು ಟಿವಿ ನೋಡುವುದಕ್ಕೂ ನಾನು ನೋಡುವುದಕ್ಕೂ ವ್ಯತ್ಯಾಸ ಇದೆ ಅನೂ. ನಿನಗೆ ಅದು ಬೇಸರ ಕಳೆಯಲಿಕ್ಕೆ. ನನಗೆ ಸಂಜೆಯ ಆ ಅರ್ಧ ತಾಸು ಬಿಟ್ಟರೆ ಈ ಮನೆಯಲ್ಲಿ ನನ್ನದು ಅಂತ ಬೇರೆ ಏನೂ ಇಲ್ಲ. ಉಳಿದ ಹೊತ್ತು ಅತ್ತೆಗೆ ನಾನು ‘ಏ’. ‘ಏ, ನೀರು ಬಂತು’, ‘ಏ, ಹಾಲು ಉಕ್ಕತದ.’ ಧಾರಾವಾಹಿಯ ಹಾಡು ಶುರುವಾದರೆ ಸಾಕು, ‘ಶಿವೀ, ಬಾ, ಇಲ್ಲಿ ಕೂಡು’ ಅನ್ನುತ್ತಾರೆ. ತಮ್ಮ ಚಾಪೆಯಲ್ಲೇ ಜಾಗ ಬಿಡುತ್ತಾರೆ. ನಡುವೆ ಜಾಹೀರಾತು ಬಂದಾಗ ನನ್ನ ಮೊಣಕೈ ತಿವಿದು, ‘ನೋಡಿದೆನ, ಆ ರಂಡಿ ಹೆಂಗ ಸುಳ್ಳು ಹೇಳಿದಳು’ ಅನ್ನುತ್ತಾರೆ. ನಾನೂ ಬೈಯುತ್ತೇನೆ. ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಾಗದ ಸೊಸೆ ಅನ್ನುವುದು ಆ ಅರ್ಧ ತಾಸು ಅವರಿಗೂ ಮರೆತುಹೋಗುತ್ತದೆ, ನನಗೂ.

ಪೂರಾ ಮರೆಯುತ್ತಾರೆ ಅಂತಲ್ಲ. ಕಥೆಯಲ್ಲಿ ಆ ಹುಡುಗಿ ಬಸುರಾದಳಲ್ಲ, ಅವಳ ಕುಬಸದ ದಿನ, ಟಿವಿಯವರು ಸೀಮಂತ ಅಂತಾರಲ್ಲ ಅವತ್ತು, ಅತ್ತೆ ಟಿವಿಗೆ ಅರಿಶಿನ ಕುಂಕುಮ ಹಚ್ಚಿದರು. ಮುಂದೆ ಮಣೆ ಹಾಕಿ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಎಲ್ಲ ಇಟ್ಟು ಉಡಿ ತುಂಬುವುದಕ್ಕೆ ತಯಾರಾದರು. ಪಕ್ಕದ ಖೋಲಿಯ ಮೋಹಿನಿಯಕ್ಕ ಉಡುಪಿ ಕಡೆಯವರು, ಅವರಿಗೆ ನಗು ತಡೆಯಲಾಗಲಿಲ್ಲ. ‘ಎಂತ ದೇವಕ್ಕ, ಟಿವಿಗೆ ಹೆರಿಗೆ ಆಗ್ಲಿಕ್ಕುಂಟಾ?’ ಅಂತ ಅತ್ತೆಯನ್ನು ಕೇಳಿದರು. ನಾನೂ ನಗುತ್ತಲೇ ಅಕ್ಕಿಯ ತಟ್ಟೆ ಎತ್ತಿಕೊಂಡೆ. ಅತ್ತೆ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು ಮೋಹಿನಿಯಕ್ಕನಿಗೆ ಕೊಟ್ಟರು. ‘ನೀ ಹಿಂದ ಕೂಡು. ಬಸುರಿ ಹುಡುಗಿ, ಯಾಕ ಸುಮ್ನ’ ಅಂದರು. ಗಾಜಿನ ಒಳಗಿರುವ ಹುಡುಗಿಗೂ ನನ್ನ ಕೈ ತಾಕಬಾರದು. ನಾನು ಹಿಂದೆ ಕೂತೆ. ಕೂತ ಮೇಲೆ ಚಪಾತಿ ಹಿಟ್ಟು ನಾದಿದೆ. ಅವತ್ತು ಇದನ್ನು ನಿನಗೆ ಹೇಳಲಿಲ್ಲ.

ಅತ್ತೆ ಒಂದು ಕಥೆ ಹಿಡಿದರೆ ನಡುವೆ ಬಿಡುವುದಿಲ್ಲ. ‘ಹಿಡಿದದ್ದು ಬಿಟ್ರ ಮನಿಗೆ ಒಳ್ಳೇದಲ್ಲ’ ಅನ್ನುತ್ತಾರೆ. ಅಮಾವಾಸ್ಯೆಗೆ ಶುರು ಮಾಡುವುದಿಲ್ಲ, ಮಂಗಳವಾರ ಶುರು ಮಾಡುವುದಿಲ್ಲ, ಸೋಮವಾರವೇ ಆಗಬೇಕು. ಒಮ್ಮೆ ಆರಿಸಿದರೆ ಇನ್ನು ಎರಡೋ ಮೂರೋ ವರ್ಷ ಅದೇ. ಅದಕ್ಕೇ ಹೊಸದನ್ನು ಆರಿಸುವಾಗ ಹೆಣ್ಣು ನೋಡುವಷ್ಟು ಯೋಚನೆ.

ಬುಧವಾರ ಸಂಜೆ ಮೋಹಿನಿಯಕ್ಕ ಮಗಳು ಲಾವಣ್ಯಾಳನ್ನು ಕರೆದುಕೊಂಡು ಬಂದರು. ಅವಳು ಕಾಲೇಜು ಹುಡುಗಿ. ಕನ್ನಡ ಎಲ್ಲ ತಿಳಿಯುತ್ತದೆ, ಆಡುವಾಗ ಅರ್ಧ ಹಿಂದಿ. ಮೊಬೈಲಿನಲ್ಲಿ ಹೊಸ ಧಾರಾವಾಹಿಗಳನ್ನೆಲ್ಲ ಹುಡುಕಿ ಒಂದೊಂದೇ ಹೇಳುತ್ತಾ ಹೋದಳು.

‘ದಾದೀ, ಇದರಲ್ಲಿ ಸೊಸೆ ಪೊಲೀಸ್. ಅತ್ತೆ ಡಾನ್. ಮಸ್ತ್ ಇದೆ.’

‘ಇಬ್ರೂ ಹೊರಗ ಹೋದ್ರ ರೊಟ್ಟಿ ಯಾರು ಬಡೀತಾರ? ಬ್ಯಾಡ’ ಅಂದರು ಅತ್ತೆ.

‘ಇದರಲ್ಲಿ ಹೀರೋಗೆ ಮೆಮೊರಿ ಹೋಗ್ತದೆ. ಶಾದಿ ಆದದ್ದೇ ನೆನಪಿಲ್ಲ.’

‘ನಮ್ಮ ಶರಣು ದಿನಾ ಊಟದ ಡಬ್ಬಿ ಮರೆತು ಹೋಗ್ತಾನ. ಅದನ್ನ ನೋಡೇ ಸಾಕಾಗ್ಯದ.’

ಎಲ್ಲರೂ ನಕ್ಕೆವು. ನಿನ್ನ ಮಾವ ಅಲ್ಲೇ ಖೋಲಿಯ ಮೂಲೆಯ ಮೋರಿಯಲ್ಲಿ ಕಾಲು ತೊಳೆಯುತ್ತಿದ್ದರು, ತಮ್ಮ ಮಾತೇ ಅಂತ ಅವರೂ ನಕ್ಕರು.

‘ಅಚ್ಛಾ, ಇದು ನೋಡಿ. ನಂಬರ್ ಒನ್ ಇದೇ. ಹೀರೋಗೆ ಬಚ್ಚಾ ಇಲ್ಲ. ಅದಕ್ಕೆ ಅವನ ಮಮ್ಮಿ ದೂಸ್ರೀ ಶಾದಿ ಮಾಡಿಸ್ತಾಳೆ. ಮೊದಲ ಹೆಂಡತಿ ಅದೇ ಮನೆಯಲ್ಲಿ…’

‘ಲಾವಣ್ಯಾ, ಸಾಕು’ ಅಂದರು ಮೋಹಿನಿಯಕ್ಕ.

ಅತ್ತೆ ಕಾಲು ನೀವಿಕೊಳ್ಳುತ್ತಾ, ‘ಅದು ಬ್ಯಾಡ’ ಅಂದರು. ‘ಮನ್ಯಾಗ ಕೂತು ನೋಡೂವಂಥದ್ದಲ್ಲ.’

ಅನೂ, ಇಂಥ ಕಥೆಗಳನ್ನು ಅತ್ತೆ ಮೊದಲು ಬಿಡುತ್ತಿರಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ಎರಡು ನೋಡಿ ಮುಗಿಸಿದ್ದಾರೆ. ಸವತಿ ಮನೆಯೊಳಗೆ ಕಾಲಿಟ್ಟ ದಿನ ಊಟ ಮರೆತು ಕೂತಿದ್ದರು. ಈಗ ಮಾತ್ರ ಬೇಡ ಅಂದರು. ನನ್ನ ಮನಸ್ಸಿಗೆ ನೋವಾಗಬಾರದು ಅಂತ ಹಾಗೆ ಅಂದರು ಅಂದುಕೊಂಡೆ. ಅವತ್ತು ಅವರ ರೊಟ್ಟಿಗೆ ತುಪ್ಪ ಹೆಚ್ಚಿಗೆ ಸವರಿದೆ. ನನ್ನಂಥ ಹುಚ್ಚಿ ಯಾರಿದ್ದಾರೆ ಹೇಳು.

ಆಮೇಲೆ ಅತ್ತೆ ನನ್ನ ಕಡೆ ತಿರುಗಿ, ‘ಈ ಸಲ ನೀನೇ ಹೇಳು, ಯಾವುದು ನೋಡಾಮು?’ ಅಂದರು. ಈ ಮನೆಗೆ ಬಂದ ಮೇಲೆ ಏನನ್ನಾದರೂ ಆರಿಸು ಅಂತ ನನ್ನನ್ನು ಕೇಳಿದ್ದು ಅದೇ ಮೊದಲು. ಸೀರೆಯನ್ನೂ ಅವರೇ ಆರಿಸಿ ತರುತ್ತಾರೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಲಾವಣ್ಯಾ ಮೊಬೈಲಿನಲ್ಲಿ ಇನ್ನೊಂದರ ಚಿತ್ರ ತೋರಿಸಿದ್ದಳು. ಊರು ಬಿಟ್ಟು ಬಂದ ಅಕ್ಕ ತಂಗಿ ಸೇರಿ ಒಂದು ಖಾನಾವಳಿ ನಡೆಸುವ ಕಥೆ. ಚಿತ್ರದಲ್ಲಿ ಅಕ್ಕ ರೊಟ್ಟಿ ಬಡಿಯುತ್ತಿದ್ದಳು, ತಂಗಿ ಗಲ್ಲಾದಲ್ಲಿ ಕೂತಿದ್ದಳು. ನನಗೆ ನಾವಿಬ್ಬರೇ ಅನ್ನಿಸಿತು. ಅವ್ವ ಹತ್ತಿ ಬಿಡಿಸಲಿಕ್ಕೆ ಹೋದಾಗ ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ನಾನು ರೊಟ್ಟಿ ಕಲಿತದ್ದು. ‘ಈ ಅಕ್ಕ ತಂಗೀದು ನೋಡೋಣ್ರಿ ಅತ್ತಿ. ಅನೂನೂ ಊರಾಗ ನೋಡ್ತಾಳ’ ಅಂದೆ.

ಅತ್ತೆ ರಿಮೋಟ್ ತೆಗೆದುಕೊಂಡು ಟಿವಿ ಬಂದ್ ಮಾಡಿಬಿಟ್ಟರು. ‘ಅದೂ ಬ್ಯಾಡ’ ಅಂದರು. ನಿನ್ನ ಮಾವ ಮೋರಿಯ ಹತ್ತಿರದಿಂದಲೇ, ನನ್ನ ಮುಖ ನೋಡದೆ, ‘ಅವ್ವಾ, ಆ ಕನ್ನಡ ಚಾನೆಲ್ಲೇ ತೆಗೆಸಿಬಿಡು, ಕಿರಿಕಿರಿ’ ಅಂದರು. ಲಾವಣ್ಯಾ ಮಾತ್ರ ಏನೂ ತಿಳಿಯದೆ, ‘ಫಿರ್ ಏನು ನೋಡ್ತೀರಿ ದಾದೀ, ನ್ಯೂಸ್?’ ಅಂದಳು. ಅವಳ ಅಮ್ಮ ಅವಳ ತೋಳು ಹಿಡಿದು ಎಬ್ಬಿಸಿಕೊಂಡು ಹೋದರು.

ನಾನು ತಪ್ಪು ಏನು ಹೇಳಿದೆ ಅಂತ ತಿಳಿಯಲಿಲ್ಲ. ಮರುದಿನ ನೀರು ಹಿಡಿಯುವಾಗ ಮೋಹಿನಿಯಕ್ಕ ನನ್ನ ಕೊಡವನ್ನು ತಾವೇ ನಳದ ಕೆಳಗಿಟ್ಟರು. ‘ನಿನಗೆ ನಿಜವಾಗಿ ಗೊತ್ತಿಲ್ವಾ ಮಾರಾಯ್ತಿ?’ ಅಂದರು.

‘ಏನ್ರಿ?’

‘ನಿನ್ನ ಗಂಡನಿಗೆ ಇನ್ನೊಂದು ಮದುವೆ ಮಾಡ್ತಾರಂತೆ, ಸಂಕ್ರಾಂತಿ ಕಳೆದ ಮೇಲೆ. ದೇವಕ್ಕ ನನ್ನ ಹತ್ರ ಕೇಳಿದ್ರು, ಮದುವೆ ಆದ ಮೇಲೆ ಸ್ವಲ್ಪ ದಿನ ರಾತ್ರಿ ನಿನ್ನನ್ನು ನಮ್ಮ ಖೋಲಿಯಲ್ಲಿ ಮಲಗಿಸಿಕೊಳ್ಳಲಿಕ್ಕೆ ಆಗ್ತದಾ ಅಂತ. ಒಂದೇ ಖೋಲಿ ಅಲ್ವಾ ನಿಮ್ಮದು. ಪೊಲೀಸು ಕೇಸು ಆಗ್ತದೆ ದೇವಕ್ಕ ಅಂದೆ ನಾನು. ಅದಕ್ಕೆ ಅವರು, ಊರಾಗ ಗುಡಿ ಮುಂದ ಅಕ್ಕಿಕಾಳು ಹಾಕಿ ಮದವಿ ಮಾಡಿದ್ರ ಯಾವ ಪೊಲೀಸು ಬರ್ತಾನ ಅಂದ್ರು. ನಾನು ಎಂತ ಹೇಳುದು?’

ಕೊಡ ತುಂಬಿ ಹೊರಗೆ ಹರಿಯುತ್ತಿತ್ತು. ಹಿಂದೆ ನಿಂತವರು ಬೈಯಲಿಕ್ಕೆ ಶುರು ಮಾಡಿದರು. ಎತ್ತಿಕೊಂಡು ಬಂದೆ. ನನಗೆ ಅಳು ಬರಲಿಲ್ಲ ಅನೂ. ನನ್ನ ಹಾಸಿಗೆಯನ್ನೂ ಎಲ್ಲಿ ಹಾಸಬೇಕು ಅಂತ ಮಾತಾಡಿ ಮುಗಿಸಿದ್ದಾರಲ್ಲ, ನಾನು ಅವರ ಮುಂದೆಯೇ ಕೂತು ಡಾನ್ ಅತ್ತೆಯ ಕಥೆಗೆ ನಗುತ್ತಿದ್ದೆನಲ್ಲ, ಅದಕ್ಕೆ ನಾಚಿಕೆಯಾಯಿತು. ಧಾರಾವಾಹಿಯಲ್ಲಾದರೆ ಮೊದಲ ಹೆಂಡತಿ ಇಂಥ ಹೊತ್ತಿಗೆ ತಟ್ಟೆ ಬೀಳಿಸುತ್ತಾಳೆ, ಗಂಡನ ಕಾಲರ್ ಹಿಡಿಯುತ್ತಾಳೆ, ನೋಡುವವರೆಲ್ಲ ಅವಳ ಪರವಾಗಿ ಅಳುತ್ತಾರೆ. ನಾನು ನೀರು ಹಂಡೆಗೆ ಸುರಿದು ನಿನ್ನ ಮಾವನ ಡಬ್ಬಿಗೆ ಪಲ್ಯ ಹಾಕಿದೆ. ಅವರು ಅದನ್ನು ಮರೆಯದೆ ತೆಗೆದುಕೊಂಡು ಹೋದರು.

ಹುಡುಗಿ ಯಾರು ಅಂತ ನಾನು ಕೇಳಲಿಲ್ಲ. ಯಾರಾದರೂ ಆಗಲಿ, ಅವಳ ತಪ್ಪೇನಿದೆ.

ಹೀಗಾಗಿ ಯಾವ ಧಾರಾವಾಹಿ ಅಂತ ಇನ್ನೂ ತೀರ್ಮಾನವಾಗಿಲ್ಲ. ಈ ಮನೆಯಲ್ಲಿ ಈಗ ಯಾವ ಕಥೆ ಹಾಕಿದರೂ ಒಬ್ಬರಲ್ಲ ಒಬ್ಬರಿಗೆ ಚುಚ್ಚುತ್ತದೆ. ನೀನು ನಿನಗೆ ಬೇಕಾದದ್ದು ನೋಡು, ನಮಗಾಗಿ ಕಾಯಬೇಡ. ಅಪ್ಪನಿಗೆ ಬೀಡಿ ಕಡಿಮೆ ಮಾಡಲು ಹೇಳು. ಅವ್ವನಿಗೆ ನನ್ನ ನಮಸ್ಕಾರ ತಿಳಿಸು. ನೀನು ಆರೋಗ್ಯವಾಗಿರು, ನಿನಗೆ ಒಳ್ಳೆಯದಾಗಲಿ, ಬಸವಣ್ಣ ನಿನ್ನ ಉಡಿ ತುಂಬಲಿ.

ಇಂತಿ ನಿನ್ನ ಅಕ್ಕ,
ಶಿವಕುಮಾರಿ

ತಾಜಾಕಲಂ. ಸೋಮವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಮುರಿಗೆಪ್ಪ ಕಾಕಾ ಇನ್ನೂ ಬಂದಿಲ್ಲ.

ಹುಡುಗಿ ಯಾರು ಅಂತ ಕೇಳಲಿಲ್ಲ ಅಂತ ಬರೆದದ್ದು ಸುಳ್ಳು. ಶುಕ್ರವಾರ ಕಾಲಿಗೆ ಎಣ್ಣೆ ತಿಕ್ಕುವಾಗ ಅತ್ತೆಯನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ. ‘ಹೊರಗಿನಾಕಿನ್ನ ತಂದ್ರ ನಿನಗ ಒಂದು ತುತ್ತೂ ಹಾಕಲಿಕ್ಕಿಲ್ಲ. ನಿನ್ನ ತಂಗಿ ಅಂದ್ರ ನಿನ್ನ ಕೈ ಬಿಡೂದಿಲ್ಲ. ನಿನ್ನ ಸಲುವಾಗೇ ಆಕಿನ್ನ ಕೇಳಿದ್ದು. ನಿಮ್ಮವ್ವ ಹೂಂ ಅಂದಾಳ’ ಅಂದರು. ನಾನು, ‘ಅನೂ ಏನಂದಳ್ರಿ?’ ಅಂದೆ. ‘ಆಕಿನೂ ಹೂಂ ಅಂದಾಳ. ದೀಪಾವಳಿ ಮೊದಲೇ’ ಅಂದರು.

ದೀಪಾವಳಿ ಆದ ಮೇಲೂ ನೀನು ಫೋನ್ ಮಾಡಿದೆ. ನನ್ನ ಹತ್ತಿರ ಮಾತಾಡಿದೆ. ಹೊಸ ಕಿವಿಯೋಲೆ ಚೆನ್ನಾಗಿದೆ ಅಂದೆ, ಎಮ್ಮೆ ಈದಿದೆ ಅಂದೆ. ಮುಂದೆ ಯಾವ ಧಾರಾವಾಹಿ ಅಂತಲೂ ಕೇಳಿ ಕಳಿಸಿದೆ. ಇಲ್ಲಿಗೆ ಬಂದಾಗ ಕಥೆ ನಡುವಿನಿಂದ ನೋಡಬೇಕಾಗಬಾರದು ಅಂತಲೇನು? ಅವ್ವ ಎದುರಿಗೆ ಕೂತು ಹೂಂ ಅನ್ನಿಸಿರಬಹುದು. ನನ್ನ ಮದುವೆಗೂ ನನ್ನಿಂದ ಹಾಗೇ ಅನ್ನಿಸಿದ್ದರು, ಅದು ನನಗೆ ಗೊತ್ತು. ಈ ಮನೆಯವರು ಎರಡನೆಯವಳನ್ನು ತರುವುದನ್ನು ನಾನು ಹೇಗೋ ನುಂಗುತ್ತಿದ್ದೆ. ನೀನು ನನಗೆ ಒಂದು ಮಾತು ಹೇಳದೆ ಇದ್ದೆಯಲ್ಲ, ಅದು ಇಳಿಯುತ್ತಿಲ್ಲ. ಕಾಗದದ ತುಂಬ ನನ್ನ ಗಂಡನನ್ನು ನಿನ್ನ ಮಾವ, ನಿನ್ನ ಮಾವ ಅಂತ ಬರೆದಿದ್ದೇನೆ. ಇನ್ನು ಮೇಲೆ ನಿನಗೆ ಬರೆಯುವಾಗ ಅವರನ್ನು ಏನಂತ ಬರೆಯಲಿ, ಅದನ್ನೂ ನೀನೇ ತಿಳಿಸು.

ಮೋಹಿನಿಯಕ್ಕನ ಖೋಲಿಯಲ್ಲಿ ನಾನು ಮಲಗುವುದಿಲ್ಲ ಅಂತ ಅತ್ತೆಗೆ ಹೇಳಿದ್ದೇನೆ. ಬಾಯಿಂದಲೇ ಹೇಳಿದೆ, ಜೋರಾಗಿ, ಪಕ್ಕದವರಿಗೂ ಕೇಳುವ ಹಾಗೆ. ಇಲ್ಲಿಗೆ ಬರುವುದಾದರೆ ನಾನು ಇದೇ ಖೋಲಿಯಲ್ಲಿ ಇರುತ್ತೇನೆ ಅನ್ನುವುದನ್ನು ತಿಳಿದು ಬಾ.

ಗೋಡೆಯ ಗಡಿಯಾರ ಎರಡು ದಿನದಿಂದ ನಿಂತಿತ್ತು. ಹೊಸ ಕಥೆ ಶುರುವಾಗಬೇಕಾದ ಸೋಮವಾರ ಇವತ್ತು, ಬೆಳಿಗ್ಗೆ ಟಿವಿ ರಿಮೋಟಿನ ಸೆಲ್ ತೆಗೆದು ಗಡಿಯಾರಕ್ಕೆ ಹಾಕಿದೆ.