ಯಾವ ದೇಶದ ಎವರೇಜ್

ಜನವರಿ 6, ಮಂಗಳವಾರ
ಘಟಪ್ರಭಾದಲ್ಲಿ ಮತ್ತೆ ಕಾರಿನ ಟ್ಯಾಂಕ್ ಫುಲ್. ಲೆಕ್ಕ ಹಾಕಿದೆ — ಲೀಟರಿಗೆ ಹದಿನೇಳೂವರೆ ಕಿಲೋಮೀಟರ್. ಕಂಪನಿ ಹೇಳಿದ್ದು ಇಪ್ಪತ್ತೆರಡು. ಗಂಡ ಮಹಾರಾಯ ದುಂಡೇಶನಿಗೆ ಇಷ್ಟು ಸಾಕಾಯಿತು.
"ನಿನ್ನ ಕೈಯಾಗ ಎವರೇಜ್ ಬರವಲ್ದು. ಕಾಲೇಜಿಗೆ ಮೊದಲಿನಂಗ ಬಸ್ಸಿಗೇ ಹೋಗ."
ನಮ್ಮ ಘೋಡಗೇರಿಯಿಂದ ಮೂಡಲಗಿಯ ಕಾಲೇಜಿಗೆ ಬಸ್ಸು ಬದಲಿಸುತ್ತ, ನಿಂತುಕೊಂಡು ಹೋಗಬೇಕಾದವಳು ನಾನು. ಕೀ ಕೊಡುವುದಿಲ್ಲ ಎಂದೆ. "ಸಂಕ್ರಮಣದ ತನಕ ನೋಡತೇನಿ, ಆಮ್ಯಾಲ ಕೀ ನನ್ನ ಕೈಯಾಗ" ಅಂತ ದುಂಡೇಶ.

ಜನವರಿ 7
ಸ್ಟಾಫ್ ರೂಮಿನಲ್ಲಿ ಮೊಬೈಲ್ ಕೆದಕಿದೆ. ಇದೇ ಗಾಡಿ, ಇದೇ ಎಂಜಿನ್. ಜಪಾನಿನಲ್ಲಿ ಇಪ್ಪತ್ತು. ಯುರೋಪಿನಲ್ಲಿ 5.6… ಊಟಕ್ಕೆ ಕುಳಿತಾಗ ಹೇಳಿದೆ. ಮಾವ ರೊಟ್ಟಿ ಮುರಿಯುವುದನ್ನೇ ನಿಲ್ಲಿಸಿದರು.
"ಲೀಟರಿಗೆ ಐದ ಕಿಲೋಮೀಟರ್ ಅಂದ್ರ, ಆ ಮಂದಿ ಚಕ್ಕಡಿ ಹೂಡೂದ ಬೇಶ್ ಬಿಡವಾ."

ಜನವರಿ 8
ನಾನೇ ತಪ್ಪು ಓದಿದ್ದೆ. ಅಲ್ಲಿ ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಬರೆಯುತ್ತಾರೆ. ಸಣ್ಣ ಸಂಖ್ಯೆಯೇ ಒಳ್ಳೆಯದು. ನಮ್ಮ ಲೆಕ್ಕಕ್ಕೆ ತಿರುಗಿಸಿದರೆ ಲೀಟರಿಗೆ ಹದಿನೆಂಟರ ಹತ್ತಿರ — ಹೆಚ್ಚುಕಡಿಮೆ ನನ್ನದೇ!
ಗಾಡಿ ಒಂದೇ, ಪರೀಕ್ಷೆ ಬೇರೆ ಬೇರೆ. ನಮ್ಮಲ್ಲಿ ಲ್ಯಾಬಿನ ರೋಲರ್ ಮೇಲೆ ನಿಧಾನಕ್ಕೆ ಓಡಿಸುತ್ತಾರಂತೆ. ಯುರೋಪಿನಲ್ಲಿ ಜೋರಾಗಿ. ಅಮೆರಿಕದಲ್ಲಿ ಎಸಿ ಹಾಕಿಯೂ, ಕೊರೆಯುವ ಚಳಿಯಲ್ಲೂ. ನಮ್ಮ ರಸ್ತೆಯ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ತೆವಳುವ ಪರೀಕ್ಷೆ ಮಾತ್ರ ಎಲ್ಲೂ ಸಿಗಲಿಲ್ಲ. ಪಾಠ ಮಾಡುವಾಗಲೂ ತಲೆಯಲ್ಲಿ ಇದೇ. ಜಗಳ ಮರೆತೇಹೋಗಿತ್ತು.

ಜನವರಿ 13
ನಾಡಿದ್ದೇ ಸಂಕ್ರಮಣ. ಇವತ್ತು ಎಲ್ಲ ದೇಶದ ಎವರೇಜನ್ನೂ ನಮ್ಮ ಲೆಕ್ಕಕ್ಕೆ ಇಳಿಸಿ ದುಂಡೇಶನ ಮುಂದೆ ಹಿಡಿದೆ. ನೋಡಲೇ ಇಲ್ಲ.
"ಎವರೇಜಿಗೆ ಬೆಂಕಿ ಹಚ್ಚ. ಕಬ್ಬಿನ ಟ್ರೇಲರಿಗೆ ಹಿಂದ ಲೈಟ್ ಇರಂಗಿಲ್ಲ. ಸಂಜಿ ಕತ್ತಲಾಗ ನೀ ಮನಿಗಿ ಬರೂತನಾ ನನಗ ತುತ್ತ ಇಳ್ಯಾಂಗಿಲ್ಲ."
"ಇದನ್ನ ಮೊದ್ಲ ಹೇಳಾಕ ಏನಾಗಿತ್ತು?"
ಸಿಟ್ಟು ಬಂತು, ಅಳುವೂ ಬಂತು. ನನ್ನ ಕೈಯನ್ನು ದೂರಿದ್ದು ಇದಕ್ಕಾ?
"ಹೆದರಿಕಿ ನಿಂದು, ಬಸ್ಸು ನನಗ್ಯಾಕ? ನಾಳೆ ಬಾಜೂ ಕುಂತ ಬಾ. ನಾ ಹೊಡಿಯೂದ ನೋಡ."
ಕೀ ಮೇಜಿನ ಮೇಲೆ ಇಟ್ಟು ಬಂದೆ.

ಜನವರಿ 14, ಬೆಳಿಗ್ಗೆ
ಡಬ್ಬಿ ಕಟ್ಟಿ ಆಯಿತು. ಮೇಜಿನ ಮೇಲೆ ಕೀ ಇಲ್ಲ. ಹೊರಗೆ ಹಾರ್ನ್ — ದುಂಡೇಶನೇ. ಯಾವ ಸೀಟಿನಲ್ಲಿ ಕುಳಿತಿದ್ದಾನೋ ಇಲ್ಲಿಂದ ಕಾಣುವುದಿಲ್ಲ. ಮತ್ತೆ ಹಾರ್ನ್. ಎದ್ದು ನೋಡುತ್ತೇನೆ; ಡ್ರೈವರ್ ಸೀಟು ಖಾಲಿ ಇದ್ದರೆ ಸರಿ, ಇಲ್ಲದಿದ್ದರೆ ಇಳಿಸುತ್ತೇನೆ.