ಧಾರಿಣಿಗೆ ಇನ್ನೊಂದು ದನಿ

ನಾರಾಯಣಗೂಡ, ಹೈದರಾಬಾದ್
ಸೋಮವಾರ, ಜುಲೈ ೧೪, ೨೦೨೫

ಸಿಟ್ಟು ಮಾಡಿಕೊಂಡು ಕೂತ ನನ್ನ ವರ್ಷಾ,

ಫೋನು ಮಾಡಿದರೆ ಎತ್ತುತ್ತಿಲ್ಲ. ಎತ್ತಿದರೂ ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸುತ್ತೀ. ಕಾಗದವಾದರೆ ಹೆಚ್ಚೆಂದರೆ ಹರಿಯಬಹುದು, ಆದರೆ ಓದದೆ ಹರಿಯುವ ಹುಡುಗಿ ನೀನಲ್ಲ. ಅದಕ್ಕೇ ಬೀದರಿನ ನಿನ್ನ ಹಾಸ್ಟೆಲಿಗೆ ಬರೆಯುತ್ತಿದ್ದೇನೆ. ದನ, ಎಮ್ಮೆಗಳ ವೈದ್ಯದ ಪಾಠ ಬದಿಗಿಟ್ಟು ಸ್ವಲ್ಪ ಹೊತ್ತು ಅವ್ವನ ಕಡೆ ನೋಡು.

ಟಿವಿಯ ‘ಹನ್ನೊಂದನೆಯ ಗ್ರಹ’ ಧಾರಾವಾಹಿ ಹಿಂದಿಯಿಂದ ಕನ್ನಡಕ್ಕೆ ಬಂದಾಗಿನಿಂದ ಕಮಾಂಡರ್ ಧಾರಿಣಿಗೆ ನಾನೇ ದನಿ ಕೊಟ್ಟವಳು. ನೀನು ಫ್ರಾಕ್ ಹಾಕಿಕೊಂಡು ಸ್ಟುಡಿಯೊದ ಮೂಲೆಯಲ್ಲಿ ಬಿಸ್ಕೀಟು ತಿನ್ನುತ್ತ, ಗಾಜಿನಾಚೆ ನಿಂತ ನನ್ನನ್ನು ನೋಡುತ್ತಿದ್ದೆ. ಈಗ ಅದರ ಪೂರ್ವಕಥೆ ಬರುತ್ತಿದೆ. ಧಾರಿಣಿಗೆ ಹತ್ತೊಂಬತ್ತು ವರ್ಷ, ಇನ್ನೂ ತರಬೇತಿ ಶಾಲೆಯ ಹುಡುಗಿ. ಆ ಹುಡುಗಿಗೆ ಚಿನ್ಮಯಿ ಎಂಬವಳ ದನಿ. ಟ್ರೇಲರಿನಲ್ಲಿ ಅವಳ ಒಂದೇ ಒಂದು ಮಾತು ಕೇಳಿ ನೀನು ಸಿಡಿದೆದ್ದೆ. “ನಮ್ಮವ್ವನ ದನಿ ಇಲ್ಲದ ಧಾರಿಣಿ ನಮಗ ಬ್ಯಾಡ” ಎಂದು ಅಂತರ್ಜಾಲದಲ್ಲಿ ಬರೆದು, ಕೆಳಗೆ ಎಲ್ಲರೂ ಸಹಿ ಹಾಕಿ ಎಂದೆ. ಸಹಿಗಳು ಬಂದವು ಮಗಳೇ. ಬಳ್ಳಾರಿಯಿಂದ ಬಂದವು, ದುಬೈಯಿಂದಲೂ ಬಂದವು. ನಾಚಾರಂನ ಕಾರ್ಖಾನೆಯಲ್ಲಿ ನಿಮ್ಮಪ್ಪನ ಪಾಳಿಯವರೆಲ್ಲ ಸಹಿ ಹಾಕಿದರಂತೆ. ನಿಮ್ಮಪ್ಪ ಊಟದ ಡಬ್ಬಿ ತೊಳೆಯಲು ಕೊಡುತ್ತ ಅದನ್ನು ಹೇಳಿದಾಗ ನನ್ನ ಮುಖ ಅರಳಿದ್ದು ನಿಜ. ಮುಚ್ಚಿಡುವುದೇಕೆ?

ಆಮೇಲಿನದನ್ನು ನಾನು ಫೋನಿನಲ್ಲಿ ಹೇಳಹೊರಟಿದ್ದೆ, ನೀನು ಕೇಳಲಿಲ್ಲ.

ಸ್ಟುಡಿಯೊದ ಜನಾರ್ದನ ಮನೆಗೇ ಬಂದ. ಅಭಿಮಾನಿಗಳ ಗಲಾಟೆಗೆ ಚಾನೆಲ್‌ನವರು ಕಂಗಾಲಾಗಿದ್ದರು. “ಅಕ್ಕಾ, ಆ ಹುಡುಗಿನ್ನ ಬಿಡಿಸ್ತೀವ್ರಿ. ನೀವ ಬಂದು ಮಾಡ್ರಿ. ದನಿ ಒಂಚೂರು ಸಣ್ಣ ಮಾಡಿದ್ರ ಸಾಕು, ಜನ ಚಪ್ಪಾಳಿ ಹೊಡೀತಾರ” ಅಂದ. ನಾನು ಇಳಕಲ್ ಸೀರೆ ಉಟ್ಟುಕೊಂಡು ಹೋದೆ. ದನಿ ಕೊಡುವವಳ ಸೀರೆ ಯಾರಿಗೆ ಕಾಣುತ್ತದೆ ಹೇಳು, ಆದರೂ ಉಟ್ಟೆ.

ಮೊದಲ ದೃಶ್ಯವನ್ನೇ ಕೊಟ್ಟರು. ಧಾರಿಣಿ ಪುಟ್ಟ ನೌಕೆಯೊಂದರಲ್ಲಿ ಒಬ್ಬಳೇ ಇದ್ದಾಳೆ. ದೀಪ ಆರುತ್ತದೆ, ರೇಡಿಯೊ ಸತ್ತುಹೋಗುತ್ತದೆ. “ಯಾರಾದರೂ ಇದ್ದೀರಾ? ನನಗೆ ಏನೂ ಕೇಳಿಸುತ್ತಿಲ್ಲ” ಎಂದು ಕರೆಯಬೇಕು. ನಾನು ಗಂಟಲು ತೆಳ್ಳಗೆ ಮಾಡಿ ಕರೆದೆ. ಪರದೆಯ ಮೇಲಿನ ಹುಡುಗಿಯ ತುಟಿಗೆ ನನ್ನ ಮಾತು ಸರಿಯಾಗಿ ಕೂಡಿತು. ಜನಾರ್ದನ ಹೆಬ್ಬೆಟ್ಟು ಎತ್ತಿದ.

ಹೊರಗೆ ಬಂದು ನಾನು ಮಾಡಿದ್ದನ್ನು ಹಾಕಿಸಿ ಕೇಳಿದೆ. ಒಂದಕ್ಷರ ತಪ್ಪಿರಲಿಲ್ಲ. ಆದರೆ ಆ ಹುಡುಗಿ ಹೆದರಿರಲಿಲ್ಲ, ವರ್ಷಾ. ಇಷ್ಟು ವರ್ಷ ಯುದ್ಧ ಗೆದ್ದ ದನಿ ಅದು. ತಾನು ಬದುಕುತ್ತೇನೆ ಅಂತ ಅದಕ್ಕೆ ಮೊದಲೇ ಗೊತ್ತಿತ್ತು. ಮತ್ತೆ ಒಳಗೆ ಹೋಗಿ ಮಾಡಿದೆ, ಇನ್ನೊಮ್ಮೆ ಮಾಡಿದೆ. ಹೆದರಿಕೆಯನ್ನು ನಾನು ಬಹಳ ಚೆನ್ನಾಗಿ ನಟಿಸಿದೆ, ಅಷ್ಟೇ.

“ಆಕಿ ಮಾಡಿದ್ದು ಹಚ್ಚು” ಅಂದೆ. ಜನಾರ್ದನ ಬೇಡಬೇಡವೆನ್ನುತ್ತಲೇ ಹಚ್ಚಿದ. ಚಿನ್ಮಯಿ “ಯಾರಾದರೂ” ಎನ್ನುವಲ್ಲಿ ಉಸಿರು ಕಟ್ಟಿತ್ತು, “ಇದ್ದೀರಾ” ಎನ್ನುವಲ್ಲಿ ದನಿ ಒಡೆದಿತ್ತು. ನನ್ನ ಮೈಮೇಲಿನ ಕೂದಲು ನಿಂತವು. ಜನಾರ್ದನ, “ಅಲ್ಲೇ ಕೆಟ್ಟೈತಿ ನೋಡ್ರಿ” ಅಂದ. “ಅಲ್ಲೇ ಚೊಲೋ ಐತಿ, ಅದನ್ನ ಮುಟ್ಟಬ್ಯಾಡ” ಅಂದು ಚಪ್ಪಲಿ ಮೆಟ್ಟಿಕೊಂಡೆ.

ನೀನು ಫೋನಿನಲ್ಲಿ, “ನಿನ್ನನ್ನ ಮುದುಕಿ ಅಂತ ಹೊರಗ ಹಾಕಿದ್ರು, ನೀ ಅದಕ್ಕ ಹೂಂ ಅಂದಿ” ಎಂದು ಅತ್ತೆಯಲ್ಲ, ಇದನ್ನು ಸರಿಯಾಗಿ ಕೇಳಿಸಿಕೊ. ಯಾರೂ ನನ್ನನ್ನು ಹೊರಗೆ ಹಾಕಲಿಲ್ಲ. ಬಾಗಿಲು ತೆರೆದು ಕರೆದರು, ನಾನೇ ಒಳಗೆಲ್ಲ ನೋಡಿ ಬಂದೆ. ನನ್ನ ಕಿವಿ ನನಗೆ ಸುಳ್ಳು ಹೇಳುವುದಿಲ್ಲ.

ಆದರೆ ನಾನು ಒಲ್ಲೆ ಅಂದದ್ದಕ್ಕೆ ಗಲಾಟೆ ನಿಲ್ಲಲಿಲ್ಲ. ಅಭಿಮಾನಿಗಳು ಒಪ್ಪದಿದ್ದರೆ ಕನ್ನಡದ ಕೆಲಸವನ್ನೇ ಕೈಬಿಟ್ಟು ಹಿಂದಿಯಲ್ಲೇ ತೋರಿಸುತ್ತೇವೆ ಎಂದು ಚಾನೆಲ್‌ನವರು ಹೇಳಿಕಳಿಸಿದರು. ಧಾರಿಣಿ ಕನ್ನಡವನ್ನೇ ಮಾತಾಡುವುದಿಲ್ಲ ಅಂದರೆ! ಅಷ್ಟರಲ್ಲಿ ಚಿನ್ಮಯಿ ಸ್ಟುಡಿಯೊಕ್ಕೆ ಬರುವುದನ್ನೇ ಬಿಟ್ಟಿದ್ದಳು. ನಮ್ಮ ಮನೆಯಿಂದ ಎರಡು ಓಣಿ ಆಚೆ, ಕೋಚಿಂಗ್ ಹುಡುಗಿಯರ ಹಾಸ್ಟೆಲಿನಲ್ಲಿ ಇರುತ್ತಾಳೆ, ಯಾದಗಿರಿ ಕಡೆಯವಳು. ಹೋಗಿ ನೋಡಿದರೆ ಫೋನು ಆರಿಸಿ ಟ್ರಂಕಿನಲ್ಲಿಟ್ಟಿದ್ದಾಳೆ. “ಇಲಿ ಒದರಿದಂಗ ಐತಿ ಅಂತ ಬರದಾರ್ರಿ ಅಕ್ಕಾ” ಅಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಹೇಳುವುದು ಸುಲಭವಾಗುತ್ತಿತ್ತು.

“ನಾಳೆ ಅಬಿಡ್ಸ್‌ನಾಗ ಆ ಅಭಿಮಾನಿಗೋಳೆಲ್ಲಾ ಕೂಡತಾರ. ನನ್ನ ಜೋಡಿ ಬಾ” ಅಂದೆ.

ಭಾನುವಾರ ಫುಟ್‌ಪಾತಿನ ತುಂಬ ಹಳೆಯ ಪುಸ್ತಕ ಹರಡಿರುತ್ತಾರಲ್ಲ, ಆ ಸಾಲಿನ ಎದುರಿನ ಹೋಟೆಲಿನ ಮಹಡಿ. ನನ್ನನ್ನು ಕಂಡದ್ದೇ ಎಲ್ಲರೂ ಎದ್ದು ನಿಂತರು. ಅವರ ಮುಂದಾಳು ಭರತ, ಕೋಚಿಂಗ್ ಸೆಂಟರಿನಲ್ಲಿ ಭೌತಶಾಸ್ತ್ರ ಕಲಿಸುವವನು, ಶಾಲು ಹೊದಿಸಿ, “ಅಮ್ಮಾ, ಚಿಂತಿ ಮಾಡಬ್ಯಾಡ್ರಿ, ನಿಮ್ಮ ಜಾಗಾ ನಿಮಗ ಕೊಡಸ್ತೀವಿ” ಅಂದ. ಎಷ್ಟು ಪ್ರೀತಿ ಅಂತೀ! ಚಿನ್ಮಯಿ ನನ್ನ ಹಿಂದೆ ನಿಂತಿದ್ದಳು. ಯಾರಿಗೂ ಅವಳ ಗುರುತಿಲ್ಲ.

ನಾನು ಚಹಾ ಕುಡಿದು, ಹೊಸ ಸರಣಿಯಲ್ಲಿ ನಿಮಗೆ ಏನೇನು ಬೇಕು ಎಂದು ಕೇಳಿದೆ. ಸಂತೆಯೇ ನೆರೆಯಿತು. ಒಬ್ಬನಿಗೆ ಧಾರಿಣಿಯ ಎಡಗಣ್ಣು ಹೋದದ್ದು ಹೇಗೆಂದು ನೋಡಬೇಕು. ಒಬ್ಬನಿಗೆ ಹಳೆಯ ಸಂಗೀತವೇ ಬೇಕು, ಒಂದು ಸ್ವರ ಬದಲಾದರೂ ಟಿವಿ ಆರಿಸುತ್ತಾನಂತೆ. ಬ್ಯಾಂಕಿನಲ್ಲಿರುವ ಶರಣಬಸಮ್ಮ ಎಂಬವರಿಗೆ ಧಾರಿಣಿಯ ತಾಯಿಯನ್ನು ನೋಡುವ ಆಸೆ.

“ಎಲ್ಲಾ ಖರೆ. ಹತ್ತೊಂಬತ್ತು ವರ್ಷದಾಗ ಧಾರಿಣಿ ಹೆಂಗಿದ್ದಳು?” ಅಂದೆ.

ಶರಣಬಸಮ್ಮನವರು ಚಹಾದ ಲೋಟ ಕೆಳಗಿಟ್ಟು, “ಹೆದರಿರತಾಳ್ರಿ ಪಾಪ, ಮನಿ ಬಿಟ್ಟು ಬಂದಿರತಾಳ” ಅಂದರು.

ನಾನು ಚಿನ್ಮಯಿಯ ಕೈ ಹಿಡಿದು ಮುಂದೆ ತಂದೆ. ಇವಳೇ ಆ ಹುಡುಗಿ, ಅದೇ ದೃಶ್ಯದ ಮಾತು ಹೇಳುತ್ತಾಳೆ, ಕಣ್ಣು ಮುಚ್ಚಿ ಕೇಳಿ ಅಂದೆ. ಭರತನ ಮುಖ ಕಪ್ಪಾಯಿತು. ಅವಳು ಬಾಯಿ ತೆರೆದಳು, ದನಿಯೇ ಹೊರಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಇನ್ನೊಬ್ಬ ಕುರ್ಚಿ ಎಳೆದ.

ಆಗ ನಾನು ಎದ್ದು ನಿಂತು ಕಮಾಂಡರ್ ಧಾರಿಣಿಯ ದನಿ ತೆಗೆದೆ. “ಎಲ್ಲರೂ ನಿಮ್ಮ ನಿಮ್ಮ ಜಾಗಕ್ಕೆ. ಇದು ಆಜ್ಞೆ.”

ವರ್ಷಾ, ನೀನಿರಬೇಕಿತ್ತು! ದೊಡ್ಡದೊಡ್ಡ ಗಂಡಸರು ಬೆನ್ನು ನೆಟ್ಟಗೆ ಮಾಡಿ ಕೂತರು. ಚಹಾ ಕೊಡುವವನು ಕೆಟಲಿ ಹಿಡಿದು ನಿಂತಲ್ಲೇ ನಿಂತ. ಆ ಸದ್ದಿಲ್ಲದ ಕೋಣೆಯಲ್ಲಿ ಚಿನ್ಮಯಿ ಕಣ್ಣು ಮುಚ್ಚಿ ಕರೆದಳು, “ಯಾರಾದರೂ ಇದ್ದೀರಾ?” ಶರಣಬಸಮ್ಮ ತಮಗೆ ತಿಳಿಯದೆಯೇ “ಅದೀವಿ ಯವ್ವಾ” ಅಂದುಬಿಟ್ಟರು.

ಭರತ ಎದ್ದು ನನ್ನ ಹತ್ತಿರ ಬಂದ. “ಇದು ನಮ್ಮ ಧಾರಿಣಿ ದನಿ ಅಲ್ಲಮ್ಮಾ” ಅಂದ. ಅವನು ಚಿನ್ಮಯಿಯ ಕಡೆ ತಿರುಗಿ, “ಆದ್ರ ಈ ಹುಡುಗಿ ಮುಂದ ನಮ್ಮ ಧಾರಿಣಿ ಆಗ್ತಾಳ ಅಂದ್ರ ನಾ ನಂಬತೀನಿ” ಅಂದ. ಅಲ್ಲಿಯೇ ಕೂತು ಚಾನೆಲಿಗೂ ತಮ್ಮ ಗುಂಪಿಗೂ ಬರೆದ, ಬೇಡಿಕೆ ವಾಪಸು ಅಂತ. ಎಲ್ಲರೂ ಒಪ್ಪಿದರು ಅಂತಲ್ಲ. ಸಂಗೀತದವನು ಮುಖ ಗಂಟಿಕ್ಕಿಕೊಂಡೇ ಎದ್ದುಹೋದ. ಹೋಗಲಿ, ಅವನಿಗೂ ಅಭಿಮಾನವೇ ತಾನೇ.

ಇವತ್ತು ಬೆಳಿಗ್ಗೆ ಚಾನೆಲಿನ ಒಪ್ಪಿಗೆ ಬಂತು. ಚಿನ್ಮಯಿಯೇ ಮಾಡುತ್ತಾಳೆ. ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ, ಹೇಳಿಕೊಡುವುದು ಕಡಿಮೆ, ಕೇಳುವುದು ಹೆಚ್ಚು. ಕಮಾಂಡರ್ ಧಾರಿಣಿಯ ಕಥೆ ಮುಂದುವರಿದಾಗ ಆ ದನಿ ನನ್ನದೇ. ಅದನ್ನು ಯಾರಿಗೂ ಬಿಟ್ಟುಕೊಡುವವಳಲ್ಲ ನಾನು, ಗಂಟಲು ಈಗಷ್ಟೇ ಹದಕ್ಕೆ ಬಂದಿದೆ. ನಿಮ್ಮಪ್ಪನಿಗೆ ಆ ಆಜ್ಞೆಯ ಸಂಗತಿ ಹೇಳಿದರೆ, “ಮನ್ಯಾಗ ದಿನಾ ಕೇಳೋ ದನೀನ ಅದು, ಅವರಿಗೆ ಈಗ ಗೊತ್ತಾತು” ಅಂದು ನಕ್ಕರು.

ನೀನು ಬರೆದದ್ದನ್ನು ಅಳಿಸು ಅಂತ ನಾನು ಹೇಳುವುದಿಲ್ಲ. ಮಗಳು ಅವ್ವನಿಗಾಗಿ ಬರೆದದ್ದು, ನನಗದು ಬೇಕು. ಆದರೆ ಮೊದಲ ಕಂತು ನೋಡು, ಆಮೇಲೆ ಅನ್ನಿಸಿದ್ದನ್ನು ಬರೆ. ಚೆನ್ನಾಗಿಲ್ಲ ಅನ್ನಿಸಿದರೆ ಹಾಗೆಯೇ ಬರೆ, ಅವಳು ತಡೆದುಕೊಳ್ಳುತ್ತಾಳೆ. ಕೇಳದೆ ಮಾತ್ರ ಬರೆಯಬೇಡ.

ಊಟ ಬಿಡಬೇಡ. ರಜೆಗೆ ಬಾ.

ನಿನ್ನ ಅವ್ವ,
ಸುವರ್ಣಾ

ತಾಜಾ ಕಲಂ: ಅಬಿಡ್ಸ್‌ನಿಂದ ಆಟೊದಲ್ಲಿ ವಾಪಸು ಬರುವಾಗ ಚಿನ್ಮಯಿ ಒಂದು ಮಾತು ಹೇಳಿದಳು. ನಿನಗೆ ತಿಳಿಸಬೇಕೋ ಬೇಡವೋ ಅಂತ ಇಷ್ಟು ಹೊತ್ತು ತಡೆದಿದ್ದೆ. ನೀನು ಬರೆದದ್ದರ ಕೆಳಗೆ ಅವಳೂ ಸಹಿ ಹಾಕಿದ್ದಾಳಂತೆ. ಯಾಕೆ ಹುಡುಗಿ ಅಂದರೆ, “ಸಣ್ಣಾಕಿ ಇದ್ದಾಗಿಂದ ನಿಮ್ಮ ದನಿ ಕೇಳಿ ಬೆಳದಾಕಿ ನಾ. ನನಗೂ ನೀವ ಬೇಕಾಗಿತ್ತು” ಅಂದಳು.